ರಿಪೇರಿ ಮುಗಿಯುವುದು ಎಂದಿಗೆ?



ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಮೇ ತಿಂಗಳು ಬಂತೆಂದರೆ ಎಲ್ಲೆಲ್ಲೂ ಮನೆ ರಿಪೇರಿಯ ಗಡಿಬಿಡಿ. ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಇಳಿಸಿ ಕೊಳೆತ ಪಕ್ಕಾಸು, ರೀಪುಗಳನ್ನು ಬದಲಿಸಬೇಕು. ಮುರಕಲ್ಲಿನ ಗೋಡೆಗೆ ಸಾರಣೆಯಾಗಬೇಕು. ಬಚ್ಚಲಿಗೆ ಸ್ಲ್ಯಾಬ್ ಹಾಕಿಸಬೇಕು. ಕೆಲಸ ಆರಂಭಿಸುವುದರಲ್ಲಿ ನಾವು ಯಾರೂ ಹಿಂದೆ ಬೀಳುವವರಲ್ಲ. ಆದರೆ ಮುಗಿಸುವ ವಿಷಯದಲ್ಲಿ? ಮುಕ್ಕಾಲು ಪಾಲು ಆದ ಕೂಡಲೇ ಬಣ್ಣ ಬಳಿಸಿ, ಪ್ರಾರ್ಥನೆ ಮಾಡಿಸಿ, ನೆಂಟರಿಷ್ಟರಿಗೆ ಊಟ ಹಾಕಿ ‘ಮುಗಿಯಿತು’ ಎನ್ನುತ್ತೇವೆ. ಕೆಲಸದಲ್ಲೂ ಬಾಕಿ, ಹಣದಲ್ಲೂ ಬಾಕಿ.

ಈ ತಪ್ಪು ನನ್ನಿಂದಲೇ ಆಗಿದೆ. ಸಂಘದ ರಸೀತಿ ಪುಸ್ತಕ ಹಿಡಿದು ಕೂಲಿಯ ನ್ಯಾಯ ಹೇಳುತ್ತಾ ತಿರುಗುವವನು ನಾನು. ಎರಡು ವರ್ಷದ ಹಿಂದೆ ನಮ್ಮ ಮನೆಯ ಬಚ್ಚಲು ಕಟ್ಟಿಸಿದ ಮೇಲೆ ಒಂದು ಮೂಲೆಯಲ್ಲಿ ನೀರು ಸೋರಿತು. “ಸೋರುವುದು ನಿಲ್ಲುವ ತನಕ ಬಾಕಿ ಕೊಡುವುದಿಲ್ಲ” ಎಂದೆ. “ಬಾಕಿ ಕೊಡದೆ ನಾನು ಬರುವುದಿಲ್ಲ” ಎಂದರು ಮೇಸ್ತ್ರಿ. ಇಬ್ಬರೂ ಹಟ ಹಿಡಿದೆವು. ಹದಿನೈದು ದಿನ ಕಳೆದು ಒಂದು ಭಾನುವಾರ, ಗಾರೆ ಹೊತ್ತಿದ್ದ ಅಕ್ಕ ದೇವಾಲಯದ ಅಂಗಳದಲ್ಲಿ ಕಾದು ನಿಂತು, “ಉಪದೇಶಿಗಳೇ, ನನ್ನ ಮೂರು ದಿನದ ಕೂಲಿ ನಿಮ್ಮ ಹಣ ಬಂದ ಮೇಲೆ ಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ” ಎಂದರು. ಸೋರಿದ ಮೂಲೆಗೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ತಲೆ ಎತ್ತಿ ಉತ್ತರ ಕೊಡಲು ನನ್ನಿಂದಾಗಲಿಲ್ಲ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಯಾರೂ ಬಿದ್ದು ಸಾಯದಂತೆ ಮಾಳಿಗೆಗೆ ಕೈಪಿಡಿಗೋಡೆ ಕಟ್ಟಿಸಬೇಕೆಂಬ ವಿಧಿಯಿದೆ. 24ನೇ ಅಧ್ಯಾಯದಲ್ಲಿ, ಬಡ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ವಿಧಿಯಿದೆ. ಕೆಲಸವನ್ನು ಪೂರ್ತಿ ಮಾಡಿಸುವುದೂ ಕೂಲಿಯನ್ನು ಪೂರ್ತಿ ಸಲ್ಲಿಸುವುದೂ ಎರಡೂ ಕರ್ತವ್ಯಗಳೇ. ಒಂದನ್ನು ನೆವ ಮಾಡಿಕೊಂಡು ಇನ್ನೊಂದನ್ನು ಮುರಿಯಲು ನಮಗೆ ಅಧಿಕಾರವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೇಸ್ತ್ರಿ, ವಯರಿಂಗಿನವರು, ಪ್ಲಂಬರ್ ಎಲ್ಲರೂ ಇರುವ ಒಂದು ದಿನ ಮನೆಯವರು ಅವರ ಜೊತೆ ಕೋಣೆ ಕೋಣೆ ಸುತ್ತಿ ನೋಡಬೇಕು. ಬಚ್ಚಲಿನ ನೀರು ಹೋಗುವ ತೂತು ಮುಚ್ಚಿ, ಒಂದು ದಿನ ನೀರು ನಿಲ್ಲಿಸಿ, ಕೆಳಗೂ ಪಕ್ಕದ ಗೋಡೆಯಲ್ಲೂ ಒದ್ದೆ ಕಾಣುತ್ತದೆಯೇ ನೋಡಿ. ಮಾಡಿಗೆ ನೀರು ಹೊಯ್ಯಿರಿ. ವಿದ್ಯುತ್ ಪೆಟ್ಟಿಗೆಯ ಇ.ಎಲ್.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ತಟ್ಟನೆ ಕಡಿಯಬೇಕು. ಮೆಟ್ಟಿಲಿಗೆ ಕೈಹಿಡಿ ಇದೆಯೇ ನೋಡಿ. ಉಳಿದ ಕೆಲಸಗಳನ್ನು ಪುಸ್ತಕದಲ್ಲಿ ಬರೆದು, ಯಾರು ಯಾವ ದಿನ ಮಾಡಿಕೊಡುತ್ತಾರೆಂಬುದನ್ನೂ ಎದುರೇ ಬರೆದುಕೊಳ್ಳಿ.

ಎಲ್ಲಾ ದೋಷವನ್ನೂ ಮೇಸ್ತ್ರಿಯ ತಲೆಗೆ ಕಟ್ಟಬಾರದು. ಈಗ ಹೆಚ್ಚಾಗಿ ಬಳಸುವ ಪಿ.ಪಿ.ಸಿ. ಸಿಮೆಂಟಿನ ಸ್ಲ್ಯಾಬನ್ನು ಕಡಿಮೆಯೆಂದರೂ 10 ದಿನ, ಸಾರಣೆಯನ್ನು 7 ದಿನ ನೀರಿನಲ್ಲಿ ಒದ್ದೆಯಾಗಿಡಬೇಕು. ಆ ನೀರು ಹೊಯ್ಯುವ ಕೆಲಸ ಸಾಮಾನ್ಯವಾಗಿ ಮನೆಯವರ ಪಾಲಿಗೆ ಬರುತ್ತದೆ. ಮೂರನೆಯ ದಿನವೇ ನಿಲ್ಲಿಸಿದವರು ಗೋಡೆ ಬಿರುಕು ಬಿಟ್ಟಿತೆಂದು ಇನ್ನೊಬ್ಬರನ್ನು ದೂರುವುದು ನ್ಯಾಯವಲ್ಲ.

ಇನ್ನು ಹಣದ ಮಾತು. ಗುತ್ತಿಗೆ ಕೆಲಸವಾದರೆ ಒಂದು ಚಿಕ್ಕ ಮೊತ್ತವನ್ನು ಮೊದಲ ಮಳೆ ನೋಡುವ ತನಕ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಎಷ್ಟು, ಯಾವ ತಾರೀಕಿನವರೆಗೆ ಎಂಬುದನ್ನು ಆರಂಭದಲ್ಲೇ ಬರೆದು ಇಬ್ಬರೂ ಸಹಿ ಮಾಡಿರಬೇಕು. ದಿನಗೂಲಿಯವರ ಒಂದು ಪೈಸೆಯನ್ನೂ ಹೀಗೆ ಹಿಡಿಯಬಾರದು. ಮೇಸ್ತ್ರಿಗೆ ಕೊಟ್ಟೆವೆಂದು ಸುಮ್ಮನಿರದೆ, “ನಿಮ್ಮ ಕೈಗೆ ಬಂತೇ?” ಎಂದು ಒಬ್ಬೊಬ್ಬರನ್ನೂ ಕೇಳಿ. ಬಂಗಾಳ, ಒಡಿಶಾ, ಅಸ್ಸಾಮಿನಿಂದ ಬಂದ ಸಹೋದರರು ಇಂದು ನಮ್ಮಲ್ಲಿ ಎಷ್ಟೋ ಮನೆಗಳ ಕೆಲಸ ಮಾಡುತ್ತಿದ್ದಾರೆ. ಭಾಷೆ ಬಾರದ ಅವರು ರೈಲು ಹತ್ತಿ ಹೋದ ಮೇಲೆ ಬಾಕಿ ಕೇಳಲು ತಿರುಗಿ ಬರುವುದಿಲ್ಲ. ಹೊರಡುವ ಮೊದಲೇ ಅವರ ಲೆಕ್ಕ ತೀರಬೇಕು.

ಇನ್ನೊಂದು ಉಪಕಾರ ನಮ್ಮ ಕೈಯಲ್ಲಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18 ತುಂಬಿ 60 ಆಗದವರಿಗೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಸೇರಿಸಿಕೊಳ್ಳುವ ಹಕ್ಕನ್ನು 1996ರ ಕೇಂದ್ರ ಕಾನೂನು ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ನಿಮ್ಮಲ್ಲಿ ಎಷ್ಟು ದಿನ ದುಡಿದರೆಂದು ಒಂದು ಚೀಟಿ ಬರೆದು ಸಹಿ ಮಾಡಿಕೊಡಿ. ಖರ್ಚಿಲ್ಲದ ಈ ಚೀಟಿ ಅವರ ದುಡಿಮೆಗೆ ಸಾಕ್ಷಿ.

ಕೆಲಸ ಮಾಡುವ ಬಂಧುಗಳಿಗೂ ಒಂದು ಮಾತು. ಬೇರೆ ಕಡೆ ಕೆಲಸ ಸಿಕ್ಕಿತೆಂದು ಇಲ್ಲಿಯದನ್ನು ಅರ್ಧಕ್ಕೆ ಬಿಟ್ಟು ಓಡಬೇಡಿ. ಅಂಗಳದ ಕಲ್ಲುಚೂರು, ಮೊಳೆ ಬಾಚಿ ತೆಗೆಯಿರಿ. ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ. ಉಳಿದ ಹಂಚುಗಳನ್ನು ಮುಂದಿನ ರಿಪೇರಿಗೆ ಬದಿಗೆ ಜೋಡಿಸಿಕೊಡಿ. ಒಪ್ಪಿದ ದಿನ ಬಂದು ಒಪ್ಪಿದ್ದನ್ನು ಮಾಡಿಕೊಟ್ಟವರು ಬಾಕಿಯನ್ನು ಧೈರ್ಯವಾಗಿ ಕೇಳಬಹುದು; ಸಂಘವೂ ಅವರ ಜೊತೆ ನಿಲ್ಲುತ್ತದೆ.

ನಾನು ಅಂದೇ ಸಾಯಂಕಾಲ ಆ ಅಕ್ಕನ ಕೂಲಿ ಮುಟ್ಟಿಸಿ, ಮೇಸ್ತ್ರಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಎರಡನೆಯ ದಿನ ಅವರು ಬಂದು ಆ ಮೂಲೆ ಒಡೆದು ಸರಿಮಾಡಿದರು. ಈಗ ಸೋರುವುದಿಲ್ಲ.

ಈ ವರ್ಷ ರಿಪೇರಿ ಮಾಡಿಸಿದವರೇ, ಪ್ರಾರ್ಥನೆಗೆ ದಿನ ಗೊತ್ತುಮಾಡುವ ಮೊದಲು ಲೆಕ್ಕದ ಪುಸ್ತಕ ತೆರೆದು ನೋಡಿ. ಅದರಲ್ಲಿ ಯಾರ ಕೂಲಿಯೂ ಉಳಿದಿಲ್ಲವೆಂದಾದರೆ, ಊಟಕ್ಕೆ ಕೆಲಸದವರನ್ನೂ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿ.