ಹೊಸ ಡ್ರೈವರ್‌ಗೆ ಸುಗ್ಗಿಯೇ ಶಾಲೆ, ಮುಂಗಡ ಮಾತ್ರ ಬೇಡ

ದಸರಾ ಮುಗಿದು ಕಬ್ಬಿನ ಕಾರ್ಖಾನೆಗಳು ಶುರುವಾಗೋ ಹೊತ್ತಿಗೆ ನಮ್ಮ ಕಡೆ ಪ್ರತಿ ವರ್ಷ ಒಂದು ಮಾತು ಕೇಳಿಬರುತ್ತದೆ: "ಹುಡುಗ ಹೆವಿ ಲೈಸೆನ್ಸ್ ತೆಗೆಸ್ಯಾನ್ರಿ, ಎಲ್ಲಾದ್ರೂ ಒಂದು ಗಾಡಿ ಮ್ಯಾಲೆ ಹಚ್ಚಿ ಕೊಡ್ರಿ." ಎರಡು-ಮೂರು ಎಕರೆ ಮಳೆಯಾಶ್ರಿತ ಹೊಲ ಇರೋ ಮನೆ. ಮುಂಗಾರಿಗೆ ಮಗ ಹೊಲದಲ್ಲಿ ಬೇಕು, ಆಮೇಲೆ ನಾಲ್ಕೈದು ತಿಂಗಳು ಕೈ ಖಾಲಿ. ಅಂಥವರಿಗೆ ಹಂಗಾಮಿನ ಡ್ರೈವಿಂಗ್ ಒಳ್ಳೆಯ ದಾರಿ. ಆದರೆ ಲಾರಿ ಮಾಲೀಕ ಮೊದಲು ಕೇಳೋದು, "ಎಷ್ಟು ವರ್ಷ ಹೊಡ್ದೀಯಪ್ಪಾ?" ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಮೊದಲ ವರ್ಷ ಮುಂಬೈ, ದಿಲ್ಲಿ ಲೋಡಿನ ಆಸೆ ಬಿಡಿ. ಊರಿನ ಸುತ್ತ ನೂರು ಕಿಲೋಮೀಟರ್ ಒಳಗಿನ ಸುಗ್ಗಿಯ ಲೋಡು ಹಿಡಿಯಿರಿ. ಮುಂಗಡ ಮಾತ್ರ ತೆಗೆದುಕೊಳ್ಳಬೇಡಿ.

ಮುಂಗಡದ ಮಾತು ಸುಮ್ಮನೆ ಹೇಳ್ತಿಲ್ಲ. ನಮ್ಮ ಅಣ್ಣನ ಮಗ ಹಿಂದೊಮ್ಮೆ ಕಬ್ಬು ಸಾಗಿಸುವ ಗುತ್ತಿಗೆದಾರರೊಬ್ಬರ ಹತ್ತಿರ ಮುಂಗಡ ಪಡೆದು ಗಾಡಿ ಹತ್ತಿದ. ಲೆಕ್ಕ ಟ್ರಿಪ್ಪಿನ ಮೇಲೆ. ಕಾರ್ಖಾನೆ ಯಾರ್ಡಿನಲ್ಲಿ ಸಾಲು ನಿಂತರೆ ಒಂದೂವರೆ ದಿನ ಅಲ್ಲೇ. ಕಾಯೋದಕ್ಕೆ ಭತ್ತೆ ಇಲ್ಲ, ಊಟದ ಖರ್ಚು ಕೈಯಿಂದ. ಮಾರ್ಚಿಗೆ ಲೆಕ್ಕ ಮಾಡಿದರೆ ದುಡಿದದ್ದಕ್ಕಿಂತ ಮುಂಗಡವೇ ಹೆಚ್ಚು! ಮುಂದಿನ ಹಂಗಾಮೂ ಅದೇ ಗಾಡಿ, ಅದೇ ದರ. ಸಾಲ ತೀರಿಸೋಕೆ ಮನೆಯಲ್ಲಿದ್ದ ಎಮ್ಮೆ ಮಾರಬೇಕಾಯಿತು.

ಹಾಗಾದರೆ ಕೆಲಸ ಎಲ್ಲಿ ಹುಡುಕೋದು? ಬೆಳೆ ನೋಡಿಕೊಂಡು ಹೋಗಿ. ಬೆಳಗಾವಿ, ಬಾಗಲಕೋಟೆಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬು. ಹಾವೇರಿ, ದಾವಣಗೆರೆಯಲ್ಲಿ ದೀಪಾವಳಿ ಆಸುಪಾಸು ಮೆಕ್ಕೆಜೋಳ. ಗಂಗಾವತಿ, ಸಿಂಧನೂರಿನಲ್ಲಿ ನವೆಂಬರ್-ಡಿಸೆಂಬರ್‌ಗೆ ಭತ್ತ. ಸಂಕ್ರಾಂತಿ ಕಳೆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ. ಮೇ ತಿಂಗಳಿಂದ ಶ್ರೀನಿವಾಸಪುರದ ಮಾವು. ಎಪಿಎಂಸಿಯ ದಲಾಲಿ ಅಂಗಡಿ, ವೇ ಬ್ರಿಜ್, ಪಂಕ್ಚರ್ ಅಂಗಡಿ, ಈ ಮೂರು ಕಡೆ ನಿಮ್ಮ ನಂಬರ್ ಕೊಟ್ಟು ಬನ್ನಿ. ಯಾವ ಗಾಡಿಗೆ ಡ್ರೈವರ್ ಇಲ್ಲ ಅನ್ನೋದು ಮೊದಲು ಗೊತ್ತಾಗೋದು ಅಲ್ಲೇ. ದೀಪಾವಳಿ, ಯುಗಾದಿಗೆ ಕಾಯಂ ಡ್ರೈವರ್‌ಗಳು ಊರಿಗೆ ಹೋಗ್ತಾರೆ. ಆ ನಾಲ್ಕು ದಿನ ಬದಲಿ ಡ್ರೈವರ್ ಆಗಿ ನೀಟಾಗಿ ಓಡಿಸಿದರೆ ಮಾಲೀಕರೇ ಮತ್ತೆ ಕರೀತಾರೆ.

ಹೆವಿ ಲೈಸೆನ್ಸ್ ಇನ್ನೂ ಆಗದವರೂ ಸುಮ್ಮನೆ ಕೂರಬೇಕಿಲ್ಲ. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಪಿಕಪ್‌ನಲ್ಲಿ ತರಕಾರಿ ಹೊಡೆಯುತ್ತಾ ಕೈ ಪಳಗಿಸಿಕೊಳ್ಳಿ. ದೊಡ್ಡ ಗಾಡಿಯ ಲೈಸೆನ್ಸ್‌ಗೆ 20 ವರ್ಷ ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ಹೋಯಿತು.

ಗಾಡಿ ಹತ್ತೋ ಮುಂಚೆ ನಾಲ್ಕು ವಿಷಯ ಬಾಯಿ ಬಿಟ್ಟು ಕೇಳಿ. ಒಂದು, ಟ್ರಿಪ್ ಲೆಕ್ಕವೋ ತಿಂಗಳ ಸಂಬಳವೋ, ಕಾದ ದಿನಕ್ಕೆ ಭತ್ತೆ ಎಷ್ಟು? ಎರಡು, ವಿಮೆ ಮತ್ತು ಎಫ್‌ಸಿ ಚಾಲ್ತಿಯಲ್ಲಿದೆಯಾ? ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರ್ ಬಾಡಿಗೆ ಹೊಡೆಯುವಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತೆ. ಮೂರು, ಓವರ್‌ಲೋಡ್ ದಂಡ ಯಾರು ಕಟ್ಟೋದು? ಕಾನೂನಿನಲ್ಲಿ ಅದು 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ನಾಲ್ಕು, ಹಿಂದೆ ರಿಫ್ಲೆಕ್ಟರ್ ಇದೆಯಾ? ಕತ್ತಲಲ್ಲಿ ಕೆಟ್ಟು ನಿಂತ ಕಬ್ಬಿನ ಟ್ರಾಲಿಗೆ ಬೈಕ್ ಗುದ್ದಿದ ಸುದ್ದಿ ಪ್ರತಿ ಹಂಗಾಮಿನಲ್ಲೂ ಓದ್ತೀವಿ. ಉತ್ತರ ಸರಿ ಬರದಿದ್ದರೆ ಆ ಗಾಡಿ ಬಿಟ್ಟುಬಿಡಿ, ಇನ್ನೊಂದು ಸಿಗುತ್ತೆ. ದಿನದ ಟ್ರಿಪ್ಪು, ತೂಕದ ಚೀಟಿ, ಪಡೆದ ಹಣ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಡಿ. ಹಂಗಾಮು ಮುಗಿದಾಗ ಅದೇ ನಿಮ್ಮ ಸಾಕ್ಷಿ.

ಗಾಡಿ ಇಟ್ಟಿರುವ ರೈತ ಬಾಂಧವರಿಗೂ ಒಂದು ಮಾತು. ಅರ್ಧ ಸಂಬಳಕ್ಕೆ ಹೊಸಬ ಸಿಕ್ಕ ಅಂತ ರಾತ್ರಿ ಟ್ರಿಪ್ಪೆಲ್ಲ ಅವನ ತಲೆಗೆ ಕಟ್ಟೋದು ಸರಿಯಲ್ಲ. ಮೊದಲ ಎಂಟು-ಹತ್ತು ದಿನ ಹಳೆ ಡ್ರೈವರ್ ಜೊತೆ ಕೂರಿಸಿ, ಆ ದಿನಗಳಿಗೂ ಭತ್ತೆ ಕೊಡಿ. ಐದು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರ ಕಾಯ್ದೆಯೇ ಹೇಳಿತ್ತು. ನಿಮ್ಮದು ಒಂದೇ ಗಾಡಿ ಇರಬಹುದು, ನಿದ್ದೆ ಎಲ್ಲರಿಗೂ ಒಂದೇ. ಆ ಹುಡುಗ ನಾಳೆ ಜೂನ್‌ನಲ್ಲಿ ತನ್ನ ಹೊಲ ಬಿತ್ತಬೇಕಾದ ರೈತ. ಕೈಕಾಲು ಗಟ್ಟಿಯಾಗಿ, ಸಾಲ ಇಲ್ಲದೆ ಮನೆಗೆ ಹೋಗಲಿ.