ಗುರಿ ಕೊಳ್ಳಬೇಕಿಲ್ಲ, ಹೊಲಿದರೆ ಸಾಕು

ನಮ್ಮ ಜಿಲ್ಲೆಯಲ್ಲಿ ಭಾಷಣ ಮಾಡುವವರು ಸುರಪುರದ ಹೆಸರು ಹೇಳದೆ ಮುಗಿಸುವುದು ಅಪರೂಪ. ಬೇಡರ ನಾಡು, 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ಊರು ಎಂದಾಗ ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ನಮ್ಮಲ್ಲಿ ಬಿಲ್ಲುಗಾರಿಕೆ ಕಲಿಯುತ್ತೇನೆ ಎನ್ನುವವರು ಎಷ್ಟು ಮಂದಿ? ಕೇಳಿದರೆ "ಅದು ದುಡ್ಡಿದ್ದವರ ಆಟ" ಎನ್ನುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ.

ನಾನು ವಾಣಿಜ್ಯ ವಿಭಾಗದವಳು, ಹಾಗಾಗಿ ಖರ್ಚನ್ನು ಎರಡು ಭಾಗ ಮಾಡಿ ನೋಡುತ್ತೇನೆ. ಬಿಲ್ಲು ಒಂದು ಸಲದ ಖರ್ಚು. ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಬಹುದು. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲೂ ಅದಕ್ಕೆ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ. ಗುರಿ ಹಾಗಲ್ಲ. ಅಭ್ಯಾಸ ಹೆಚ್ಚಿದಷ್ಟೂ ಅದರ ನಡುಭಾಗ ಬೇಗ ಹರಿಯುತ್ತದೆ. ಆನ್‌ಲೈನ್‌ನಲ್ಲಿ ಫೋಮ್ ಗುರಿ ತರಿಸಿದರೆ ಹಾಳಾದ ಮೇಲೆ ಮತ್ತೆ ತರಿಸಬೇಕು. ಅಬ್ಬಾ ಒಂದು ಸಲ ಒಪ್ಪಬಹುದು. ಎರಡನೇ ಸಲ?

ಆದ್ದರಿಂದ ಗುರಿಯನ್ನು ನಾವೇ ಮಾಡಿಕೊಳ್ಳಬೇಕು. ಬೇಕಾಗುವುದು ಒಂದು ಗಟ್ಟಿ ಗೋಣಿಚೀಲ, ಹಳೆ ಬಟ್ಟೆ, ದಬ್ಬಣ ಮತ್ತು ಸುತಳಿ. ಬಟ್ಟೆಯ ಗುಂಡಿ, ಜಿಪ್, ಹುಕ್ಕುಗಳನ್ನು ಮೊದಲು ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಬಾಣದ ಮೊನೆ ಕೆಡುತ್ತದೆ. ಮರಳು, ಮಣ್ಣು ತುಂಬಬಾರದು. ಬಾಣವನ್ನು ಹಿಡಿದು ನಿಲ್ಲಿಸುವುದು ಬಟ್ಟೆಯ ಪದರಗಳ ಘರ್ಷಣೆ. ಹಾಗಾಗಿ ತುಳಿದು ತುಳಿದು ಬಿಗಿಯಾಗಿ ತುಂಬಬೇಕು. ಸಡಿಲವಾದರೆ ಬಾಣ ಆಚೆ ದಾಟುತ್ತದೆ. ಕೌದಿ ಹೊಲಿಯುವ ಅಜ್ಜಿಗೂ, ಗುದಡಿ ಹೊಲಿಯುವ ನಮ್ಮ ದಾದಿಮಾಗೂ ಈ ಕೆಲಸ ಹೇಳಿಕೊಡಬೇಕಿಲ್ಲ. ನಡುಭಾಗ ಹರಿದರೆ ಮೇಲೊಂದು ತೇಪೆ ಹಾಕಿದರಾಯಿತು.

ಬಟ್ಟೆ ಸಾಲದಿದ್ದರೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿಗಳಿವೆ. ಅವನ್ನು ಬಿಚ್ಚಿ, ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಹಗ್ಗದಿಂದ ಬಿಗಿಯಬೇಕು. ಬಾಣ ಹಾಳೆಗಳ ಅಂಚಿನ ಕಡೆಯಿಂದ, ಪದರಗಳ ನಡುವೆ ಹೊಗಬೇಕು.

ಗುರಿಯ ಚಿತ್ರಕ್ಕೂ ದುಡ್ಡು ಬೇಡ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದಲ್ಲಿ 122 ಸೆಂಟಿಮೀಟರ್ ಅಗಲದ ಗುರಿ ಇಡುತ್ತಾರೆ. ಮನೆಯ ಅಂಗಳ 10 ಮೀಟರ್ ಇದ್ದರೆ ಅನುಪಾತದ ಪ್ರಕಾರ ಸುಮಾರು 17.4 ಸೆಂಟಿಮೀಟರ್ ವೃತ್ತ ಸಾಕು. ನಡುವಿನಿಂದ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಬಣ್ಣ ತುಂಬಿದರೆ ಕಣ್ಣಿಗೆ ಅದೇ ಗುರಿ ಕಾಣುತ್ತದೆ.

ಇದು ಹೆಚ್ಚು ಉಪಯೋಗವಾಗುವುದು ನಮ್ಮಂಥ ಹುಡುಗಿಯರಿಗೆ. ಸಂಜೆ ನಮಗೆ ಮೈದಾನ ಸಿಗುವುದಿಲ್ಲ, ಅಂಗಳ ಸಿಗುತ್ತದೆ. ಮನೆಯ ಹತ್ತಿರದ ಅಭ್ಯಾಸವನ್ನು ಯಾರೂ ಸಣ್ಣದೆಂದು ತಿಳಿಯಬೇಡಿ. ಹರಿಯಾಣದ ಹರ್ವಿಂದರ್ ಸಿಂಗ್ ಲಾಕ್‌ಡೌನ್ ಕಾಲದಲ್ಲಿ ಅಭ್ಯಾಸ ಮಾಡಿದ್ದು ಮನೆಯವರ ಹೊಲದಲ್ಲಿ. ಅವರು ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು, 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದರು.

"ಮನೆಯಲ್ಲಿ ಬಾಣ ಬಿಟ್ಟರೆ ಯಾರಿಗಾದರೂ ತಗುಲಿದರೆ?" ಎಂದು ಹಿರಿಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಗುರಿಯ ಹಿಂದೆ ಎತ್ತರದ ಗೋಡೆ ಇರಬೇಕು, ಗೋಡೆಗೆ ದಪ್ಪ ಕೌದಿ ಇಳಿಬಿಟ್ಟಿರಬೇಕು. ಮಾಳಿಗೆಯ ಮೇಲೆ, ಬೀದಿಯ ಕಡೆ ಮುಖ ಮಾಡಿ ಬಾಣ ಬಿಡಲೇಬಾರದು. ಮಕ್ಕಳು ಅಂಗಳದಲ್ಲಿದ್ದರೆ ಬಿಲ್ಲು ಮುಟ್ಟಬಾರದು. ಬಾಣ ಕೀಳುವಾಗ ಹಿಂದೆ ಯಾರೂ ನಿಂತಿರಬಾರದು. ನಾಯಿ, ಪಾರಿವಾಳಗಳ ಮೇಲೆ ಕೈ ಪರೀಕ್ಷಿಸುವ ಮಾತಂತೂ ದೂರ. ಬಿಲ್ಲುಗಾರಿಕೆಯನ್ನು ಪ್ರೋತ್ಸಾಹಿಸಿದ ಪ್ರವಾದಿಯವರೇ (ಸ) ಜೀವವಿರುವುದನ್ನು ಗುರಿಯಾಗಿ ಇಡುವುದನ್ನು ತಡೆದಿದ್ದಾರೆ.

ಮನೆಯ ಚೀಲಕ್ಕೂ ಮಿತಿಯಿದೆ. ಕಾಂಪೌಂಡ್ ಬಿಲ್ಲಿನ ವೇಗದ ಬಾಣವನ್ನು ಅದು ತಡೆಯಲಿಕ್ಕಿಲ್ಲ. ಆ ಹಂತಕ್ಕೆ ಹೋದವರು ಕೊಳ್ಳಲೇಬೇಕು. ಆದರೆ ನಾವಿನ್ನೂ ಮೊದಲ ಮೆಟ್ಟಿಲಲ್ಲಿದ್ದೇವೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪ್ರತಿ ತರಗತಿಯವರೂ ಹಳೆ ಬಟ್ಟೆ ತರೋಣ, ಕಾಲೇಜಿನಲ್ಲೇ ಎರಡು ಗುರಿ ಹೊಲಿಯೋಣ. ದೈಹಿಕ ಶಿಕ್ಷಣದ ಸರ್ ನಮಗೊಂದು ಗೋಡೆ ತೋರಿಸಲಿ, ವಾರಕ್ಕೆ ಒಂದು ಗಂಟೆ ನಿಂತು ನೋಡಲಿ. ಹೇಗೆ ನಿಲ್ಲಬೇಕು, ಯಾವಾಗ ಬಾಣ ಬಿಡಬಾರದು ಎಂಬುದನ್ನು ಅಲ್ಲಿ ಕಲಿತ ಮೇಲೆ ಮನೆಯಲ್ಲಿ ಅಮ್ಮಿ, ಅಬ್ಬಾರನ್ನು ಒಪ್ಪಿಸುವುದು ನಮ್ಮ ಜವಾಬ್ದಾರಿ.