ಸಾಹುಕಾರನ ಕಣ್ಣೀರು ನಮಗೆ ಬೇಡ

ಪಿ.ಬಿ. ಧುತ್ತರಗಿ ನಮ್ಮ ಸೀಮೆಯವರೇ. ಹುನಗುಂದ ತಾಲೂಕಿನ ಸೂಳೇಭಾವಿ ಅವರ ಊರು. ಆಗ ಅದೂ ಬಿಜಾಪುರ ಜಿಲ್ಲೆ. ಅವರ 'ಸಂಪತ್ತಿಗೆ ಸವಾಲ್' ಕಂಪನಿ ನಾಟಕ 1974ರಲ್ಲಿ ಸಿನಿಮಾ ಆಯಿತು. ಬಡವ ಭದ್ರನಾಗಿ ರಾಜಕುಮಾರ್, ಸಾಹುಕಾರ ಸಿದ್ಧಪ್ಪನಾಗಿ ವಜ್ರಮುನಿ. ಭದ್ರ ಎಮ್ಮೆ ಮೇಲೆ ಕುಂತು ಹಾಡಿದ ಹಾಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ದನಕಾಯೋ ಹುಡುಗರ ಬಾಯಲ್ಲೂ ನಿಂತಿತು.

ಸಾಹುಕಾರನಿಗೆ ಎದುರು ಮಾತಾಡುವ ಬಡವನನ್ನು ರಂಗದ ಮೇಲೆ ತಂದದ್ದು ಸಣ್ಣ ಕೆಲಸವಲ್ಲ. ಅದನ್ನು ನಾವು ಒಪ್ಪುತ್ತೇವೆ. ನಮ್ಮ ತಕರಾರಿರುವುದು ಇಂಥ ನಾಟಕಗಳ ಕಡೇ ಅಂಕದ ಬಗ್ಗೆ. ಸೊಕ್ಕು ಇಳಿಯುತ್ತದೆ, ಕಣ್ಣೀರು ಹರಿಯುತ್ತದೆ, ಒಡೆದ ಮನೆ ಕೂಡುತ್ತದೆ, ಪರದೆ ಬೀಳುತ್ತದೆ. ಸಂಪತ್ತಿಗೆ ಹಾಕಿದ ಸವಾಲು ಎಲ್ಲಿ ಹೋಯಿತು? ಪಶ್ಚಾತ್ತಾಪದಾಗ ಕರಗಿ ಹೋಯಿತು! ಇದಕ್ಕೆ ದೊಡ್ಡವರು ಇಟ್ಟ ಹೆಸರು ಹೃದಯ ಪರಿವರ್ತನೆ.

ಕೂಡಿದ್ದು ಯಾರ ಮನೆ? ಅಲ್ಲಿ ಅಡ್ಡ ಬಂದದ್ದು ದುಡ್ಡು, ಜಾತಿಯಲ್ಲ. ನಮ್ಮ ಕೇರಿ ಆ ಚಿತ್ರದ ಚೌಕಟ್ಟಿನೊಳಗೇ ಇಲ್ಲ.

ಇದ್ದಿದ್ದರೆ ಏನಾಗುತ್ತಿತ್ತು? ಬಾಗೇವಾಡಿಯ ನೆಲದವರಿಗೆ ಅದು ಗೊತ್ತು. ಅಲ್ಲಿ ಹುಟ್ಟಿದ ಬಸವಣ್ಣನ ಕಾಲಕ್ಕೆ, ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಹೃದಯ ಪರಿವರ್ತನೆ ಆಗಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು.

ಅದು ಹಳೇ ಕತೆ ಅಂತೀರಾ? 2017ರಲ್ಲಿ ಮುದ್ದೇಬಿಹಾಳ ತಾಲೂಕಿನ ಗುಂಡಕನಾಳದಲ್ಲಿ ಏನಾಯಿತು? ದಲಿತ ಹುಡುಗನನ್ನು ಮದುವೆಯಾಗಿ ಊರು ಬಿಟ್ಟಿದ್ದ ಮುಸ್ಲಿಂ ಹೆಣ್ಣುಮಗಳು ಬಸುರಿಯಾಗಿ ತಿರುಗಿ ಬಂದಳು. ಕೂಸಿನ ಸುದ್ದಿ ಕೇಳಿದರೆ ತವರಿನ ಸಿಟ್ಟು ಇಳಿದೀತು ಅಂತ ನಂಬಿ ಬಂದಳು. ನಾಟಕದಾಗ ಇಲ್ಲಿ ಅಪ್ಪಿಕೊಂಡು ಅಳುತ್ತಾರೆ. ಊರಾಗ ತನ್ನವರೇ ಅವಳನ್ನು ಸುಟ್ಟರು. 2021ರಲ್ಲಿ, ಮೊದಲು ಸಿಂದಗಿ ತಾಲೂಕಿನಲ್ಲಿದ್ದ ಸಲಾದಹಳ್ಳಿಯಲ್ಲಿ, ಪ್ರೀತಿಸಿದ ದಲಿತ ಹುಡುಗನನ್ನೂ ಮುಸ್ಲಿಂ ಹುಡುಗಿಯನ್ನೂ ಕಲ್ಲು ಹೇರಿ ಕೊಂದರು. ಜಾತಿಯ ವಿಷ ಧರ್ಮದ ಗಡಿ ನೋಡಿ ನಿಲ್ಲುವುದಿಲ್ಲ.

ಇನ್ನು ಹೊಲದ ಮಾತು. ಸಿನಿಮಾ ಬಂದ 1974ರಲ್ಲೇ ಉಳುವವನೇ ಹೊಲದೊಡೆಯ ಅನ್ನುವ ಕಾಯಿದೆಯೂ ಜಾರಿಗೆ ಬಂತು. ಅದೂ ಬಂದದ್ದು ಯಾವ ಸಾಹುಕಾರ ಅತ್ತದ್ದಕ್ಕಲ್ಲ, ಹೋರಾಟ ನಡೆದದ್ದಕ್ಕೆ. ಗೇಣಿ ಅಂತ ತೋರಿಸಬಲ್ಲವರಿಗೆ ಹೊಲ ಸಿಕ್ಕಿತು. ಜೀತ, ಕೂಲಿ ಮಾಡಿದ ನಮ್ಮವರಲ್ಲಿ ಬಹಳ ಮಂದಿಗೆ ತೋರಿಸಲು ಬೆನ್ನಿನ ಬಾಸುಂಡೆ ಬಿಟ್ಟರೆ ಬೇರೇನಿರಲಿಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು ಯಾರದೋ ಮನಸ್ಸು ಕರಗಿದ ಮೇಲಲ್ಲ. ನೀರು ತಮ್ಮ ಹಕ್ಕು ಎಂದು ಇಳಿದರು. ಯಾರಾದರೂ ಪಶ್ಚಾತ್ತಾಪ ಪಟ್ಟರೆ ಪಡಲಿ, ನಾವು ಬ್ಯಾಡ ಅನ್ನುವುದಿಲ್ಲ. ಆದರೆ ಅದಕ್ಕಾಗಿ ಕಾದು ಕೂರುವುದಿಲ್ಲ.

ಹಳ್ಳಿಯ ಮಾಸ್ತರರೇ, ಗೆಳೆಯರೇ, ಶಾಲೆಯ ಗ್ಯಾದರಿಂಗಿನಲ್ಲಿ, ಜಾತ್ರೆಯಲ್ಲಿ ಇಂಥ ನಾಟಕ ಆಡಿಸಿರಿ, ತಡೆಯುವುದಿಲ್ಲ. ಪರದೆ ಬಿದ್ದ ಮೇಲೆ ಮಕ್ಕಳಿಗೆ ಒಂದೇ ಪ್ರಶ್ನೆ ಹಾಕಿರಿ: ಸಾಹುಕಾರ ಅತ್ತ, ಖರೆ. ಉತಾರದಾಗ ಹೆಸರು ಯಾರದೈತಿ?